ನವರತ್ನರ ಒಂದು ಚಿತ್ರ ನಮ್ಮದಾಗುವುದೆಂದರೆ

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಹರಾಜೊಂದರಲ್ಲಿ ಅಮೃತಾ ಶೇರ್‌ಗಿಲ್ ಅವರ ‘ದಿ ಸ್ಟೋರಿ ಟೆಲ್ಲರ್’ ಎಂಬ ತೈಲಚಿತ್ರ 61.8 ಕೋಟಿ ರೂಪಾಯಿಗೆ ಹೋಯಿತು. 1937ರಲ್ಲಿ ಬರೆದ ಚಿತ್ರ ಅದು. ಹೊರಗೆ ಕೂತು ಮಾತಿಗಿಳಿದ ಹೆಂಗಸರು, ಅವರ ನಡುವೆ ಸಾಕುಪ್ರಾಣಿಗಳು. ಅಲ್ಲಿಯವರೆಗೆ ಹರಾಜಿನಲ್ಲಿ ಬೇರಾವ ಭಾರತೀಯ ಚಿತ್ರಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ.

ಅಷ್ಟು ಹಣ ಸುರಿದು ಕೊಂಡವರು ಕೂಡ ಆ ಚಿತ್ರವನ್ನು ಲಂಡನ್ನಿನಲ್ಲೋ ದುಬೈಯಲ್ಲೋ ಇರುವ ತಮ್ಮ ಮನೆಗೆ ಒಯ್ಯುವಂತಿಲ್ಲ. ಮುಂದೆ ಮಾರುವ ಮನಸ್ಸಾದರೆ ನ್ಯೂಯಾರ್ಕಿನ ಹರಾಜಿಗೆ ಕಳಿಸುವಂತಿಲ್ಲ. ಚಿತ್ರ ಭಾರತದಲ್ಲೇ ಇರಬೇಕು, ಭಾರತದೊಳಗೇ ಕೈಬದಲಾಗಬೇಕು. ದೊಡ್ಡ ಕಲಾವಿದರ ಚಿತ್ರ ತಮ್ಮದಾಗಬೇಕೆಂದು ಆಸೆಪಡುವವರು ಬಹಳ ಜನ. ಆದರೆ ‘ನಮ್ಮದು’ ಎಂದಾಗ ನಿಜವಾಗಿ ಏನೇನು ನಮ್ಮ ಕೈಗೆ ಬರುತ್ತದೆ, ಏನು ಬರುವುದಿಲ್ಲ ಎಂಬುದು ಬೆಲೆಯ ಸುದ್ದಿಗಳ ನಡುವೆ ಎಲ್ಲೋ ಕಳೆದುಹೋಗಿದೆ. ಕೋಟಿಯ ಚಿತ್ರಕ್ಕೂ ಅಜ್ಜಿಯ ಮನೆಯ ಗೋಡೆಯಲ್ಲಿರುವ ಹಳೆಯ ಪಟಕ್ಕೂ ಅನ್ವಯಿಸುವ ವಿಚಾರವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಆ ನಿರ್ಬಂಧ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಪ್ರಾಚ್ಯವಸ್ತುಗಳು ಹಾಗೂ ಕಲಾನಿಧಿಗಳ ಕಾಯ್ದೆ 1972ರದ್ದು. ಜಾರಿಗೆ ಬಂದದ್ದು 1976ರಲ್ಲಿ. ಅದು ಎರಡು ಬಗೆಯ ವಸ್ತುಗಳನ್ನು ದೇಶದಿಂದ ಹೊರಹೋಗದಂತೆ ತಡೆಯುತ್ತದೆ. ಮೊದಲನೆಯದು ನೂರು ವರ್ಷ ದಾಟಿದ ಕಲಾಕೃತಿ. ಬರೆದವರು ಯಾರೇ ಆಗಿರಲಿ, ಹೆಸರೇ ಗೊತ್ತಿಲ್ಲದವರಾಗಿರಲಿ, ನೂರು ತುಂಬಿದ ಚಿತ್ರ ಕಾನೂನಿನ ಕಣ್ಣಿನಲ್ಲಿ ಪ್ರಾಚ್ಯವಸ್ತು. ಎರಡನೆಯದು ನೂರು ವರ್ಷ ಆಗಿರದಿದ್ದರೂ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ‘ಕಲಾನಿಧಿ’ ಎಂದು ಸಾರಿದ ಕೃತಿ. ಕಲಾವಿದ ಬದುಕಿರುವ ತನಕ ಹಾಗೆ ಸಾರುವಂತಿಲ್ಲ ಎಂಬ ಷರತ್ತೂ ಅಲ್ಲಿಯೇ ಇದೆ. ಬದುಕಿರುವವನ ಮಾರುಕಟ್ಟೆಯನ್ನು ಕಟ್ಟಿಹಾಕಿದರೆ ಅವನ ಅನ್ನಕ್ಕೇ ಕಲ್ಲು ಬೀಳುತ್ತದೆ. ಆ ವಿವೇಕ ಕಾಯ್ದೆ ಬರೆದವರಿಗಿತ್ತು.

1970ರ ದಶಕದಲ್ಲಿ ಹೀಗೆ ಒಂಬತ್ತು ಕಲಾವಿದರ ಕೃತಿಗಳು ಕಲಾನಿಧಿಗಳಾದವು. ರಾಜಾ ರವಿವರ್ಮ, ರವೀಂದ್ರನಾಥ ಟಾಗೋರ್, ಅವರ ಕುಟುಂಬದವರೇ ಆದ ಗಗನೇಂದ್ರನಾಥ ಮತ್ತು ಅಬನೀಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ, ನಿಕೊಲಾಸ್ ರೋರಿಕ್. ಕಲಾಲೋಕದಲ್ಲಿ ಇವರನ್ನು ನವರತ್ನರು ಎನ್ನುತ್ತಾರೆ. ರೋರಿಕ್ ರಷ್ಯಾದವರು. ಹಿಮಾಲಯವನ್ನು ಬರೆಯುತ್ತ ಕುಲು ಕಣಿವೆಯಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮಗ ಸ್ವೆಟೊಸ್ಲಾವ್ ರೋರಿಕ್ ಪತ್ನಿ ದೇವಿಕಾ ರಾಣಿಯವರೊಂದಿಗೆ ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರಾದ್ದರಿಂದ ನಮ್ಮಲ್ಲಿ ಅಪ್ಪ–ಮಗನ ಹೆಸರು ಕಲಸಿಹೋಗಿರುವುದುಂಟು. ಕಲಾನಿಧಿ ಪಟ್ಟಿಯಲ್ಲಿರುವುದು ಅಪ್ಪ ಮಾತ್ರ.

ಈ ಪಟ್ಟಿ ಬೆಲೆಯ ಮೇಲೆ ಏನು ಮಾಡುತ್ತದೆ? ಸಾಮಾನ್ಯ ಚಿತ್ರವೊಂದಕ್ಕೆ ಜಗತ್ತಿನ ಯಾವ ಮೂಲೆಯ ಸಿರಿವಂತನಾದರೂ ಕೈ ಎತ್ತಬಹುದು. ಕಲಾನಿಧಿಗೆ ಕೈ ಎತ್ತುವವನು ಅದನ್ನು ಭಾರತದಲ್ಲೇ ಇಟ್ಟುಕೊಳ್ಳಲು ಸಿದ್ಧನಿರಬೇಕು. ಹಾಗಾಗಿ ಸ್ಪರ್ಧೆ ಕಡಿಮೆ. ಇದಕ್ಕೆ ಎದುರಾಗಿ ಎಂ.ಎಫ್. ಹುಸೇನ್ ಅವರ 1954ರ ‘ಗ್ರಾಮ ಯಾತ್ರಾ’ ಚಿತ್ರದ ಕತೆಯನ್ನಿಟ್ಟು ನೋಡಿ. ಸುಮಾರು 14 ಅಡಿ ಉದ್ದದ ಕ್ಯಾನ್‌ವಾಸ್, ಅದರೊಳಗೆ ಹಳ್ಳಿಯ ಬದುಕಿನ 13 ಬಿಡಿ ದೃಶ್ಯಗಳು. ವೈದ್ಯಕೀಯ ತರಬೇತಿಯ ಕೆಲಸಕ್ಕಾಗಿ ದೆಹಲಿಗೆ ಬಂದಿದ್ದ ವೈದ್ಯರೊಬ್ಬರು ಅದನ್ನು ಅದೇ ವರ್ಷ ಕೊಂಡು ನಾರ್ವೆಗೆ ಒಯ್ದರು. ಮುಂದೆ ಅದು ಓಸ್ಲೋದ ಆಸ್ಪತ್ರೆಯೊಂದರ ಗೋಡೆಯಲ್ಲಿ ದಶಕಗಳ ಕಾಲ ತೂಗಾಡಿತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದಾಗ 1 ಕೋಟಿ 37 ಲಕ್ಷ ಡಾಲರಿಗೂ ಹೆಚ್ಚು, ಅಂದರೆ ನೂರು ಕೋಟಿ ರೂಪಾಯಿ ದಾಟಿದ ಬೆಲೆಗೆ ಮಾರಾಟವಾಗಿ ಶೇರ್‌ಗಿಲ್ ಚಿತ್ರದ ದಾಖಲೆಯನ್ನು ಬಹಳ ಹಿಂದೆ ಹಾಕಿತು. ಹುಸೇನರು ಶೇರ್‌ಗಿಲ್‌ಗಿಂತ ದೊಡ್ಡ ಕಲಾವಿದರು ಎಂದು ಇದರಿಂದ ಹೇಳಲಾಗದು. ಒಂದರ ಮಾರುಕಟ್ಟೆ ಇಡೀ ಜಗತ್ತು. ಇನ್ನೊಂದರದ್ದು ಒಂದೇ ದೇಶ. ಒಂದೇ ದೇಶದ ಮಾರುಕಟ್ಟೆಯಲ್ಲಿ 61.8 ಕೋಟಿ ಬಂದಿತೆಂಬುದೇ ನನಗೆ ಹೆಚ್ಚು ಬೆರಗಿನ ಸಂಗತಿ.

ಕಾನೂನಿನ ಆ ನೂರು ವರ್ಷದ ಗಡಿ ನಿಂತಲ್ಲಿ ನಿಂತಿಲ್ಲ ಎಂಬುದನ್ನೂ ಗಮನಿಸಬೇಕು. ಅದು ವರ್ಷ ವರ್ಷವೂ ಮುಂದೆ ಸರಿಯುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ನವರತ್ನರ ಪಟ್ಟಿಯಲ್ಲಿಲ್ಲ. ಅವರ ಚಿತ್ರಗಳು ಇಂದು ಅಡ್ಡಿಯಿಲ್ಲದೆ ಹೊರದೇಶಕ್ಕೆ ಹೋಗಬಹುದು. ಆದರೆ ಅವರು 1950ರಲ್ಲಿ ಬರೆದ ಚಿತ್ರವೊಂದು ಭಾರತದಲ್ಲಿದ್ದರೆ, ಕಾಯ್ದೆ ಹೀಗೆಯೇ ಇದ್ದರೆ, 2050ಕ್ಕೆ ಅದೂ ಪ್ರಾಚ್ಯವಸ್ತು. ರವಿವರ್ಮರ ತೈಲಚಿತ್ರಗಳು ಈಗಾಗಲೇ ಎರಡೂ ಲೆಕ್ಕದಲ್ಲಿ ಸೇರಿವೆ. ಅಂಥ ಹಳೆಯ ಮೂಲಚಿತ್ರ ಮನೆಯಲ್ಲಿದ್ದರೆ ಪುರಾತತ್ವ ಇಲಾಖೆಯ ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು, ಬೇರೆಯವರಿಗೆ ಕೊಟ್ಟರೆ ತಿಳಿಸಬೇಕು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ದೇಶದಿಂದ ಹೊರಗೆ ಸಾಗಿಸಲು ಹೋಗಿ ಸಿಕ್ಕಿಬಿದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಮೊದಲೇ ಹೊರಗಿರುವ ಚಿತ್ರದ ಮೇಲೆ ಮಾತ್ರ ಈ ಕಾಯ್ದೆಯ ಕೈ ನಡೆಯದು. 2010ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್‌ಟನ್ ಹಾಲ್ ಟ್ರಸ್ಟ್ ತನ್ನ ಬಳಿಯಿದ್ದ ರವೀಂದ್ರನಾಥರ 12 ಚಿತ್ರಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟಿತು. ಕೇಂದ್ರ ಸರ್ಕಾರ ಮಧ್ಯ ಪ್ರವೇಶಿಸಬೇಕೆಂಬ ಕೂಗು ಎದ್ದಿತು. ಆದರೂ ಮಾರಾಟ ನಡೆಯಿತು, 16 ಲಕ್ಷ ಪೌಂಡಿನಷ್ಟು ಹಣ ಬಂತು.

ಇನ್ನು ಶೇರ್‌ಗಿಲ್ ಚಿತ್ರ ಅಷ್ಟು ದುಬಾರಿ ಏಕೆ? ಚೆಲುವೇ ಮೊದಲ ಕಾರಣ ಎಂದು ನಾನು ನಂಬುತ್ತೇನೆ. ಆದರೆ ಚೆಲುವಿಗೆ ಬೆಲೆ ಕಟ್ಟುವಾಗ ಮಾರುಕಟ್ಟೆ ಕೇಳುವ ಪ್ರಶ್ನೆ ಬೇರೆ: ಎಷ್ಟಿವೆ, ಅದರಲ್ಲಿ ಎಷ್ಟು ಮಾರಾಟಕ್ಕೆ ಬರಬಹುದು? ಆಕೆ 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದರು. ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್ ಮನೆತನದವರು. ಪ್ಯಾರಿಸ್ಸಿನಲ್ಲಿ ಕಲಿತು, ಅಲ್ಲಿ ಹೆಸರು ಪಡೆದು, ಭಾರತಕ್ಕೆ ಮರಳಿದರು. ಅಜಂತಾ ನೋಡಿ ದಕ್ಷಿಣಕ್ಕೆ ಇಳಿದು ಕನ್ಯಾಕುಮಾರಿಯವರೆಗೂ ಬಂದು ಹೋದ ಮೇಲೆ, 1937ರಲ್ಲಿ, ‘ವಧುವಿನ ಸಿಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’ ಎಂಬ ಮೂರು ದೊಡ್ಡ ಚಿತ್ರಗಳನ್ನು ಬರೆದರು. ಬ್ರಹ್ಮಚಾರಿಗಳ ಬಿಳಿ ಪಂಚೆಯನ್ನು ಹತ್ತಿರದಿಂದ ನೋಡಿದವರಿಗೆ ಬಿಳಿಯೊಳಗೆ ಎಷ್ಟು ಬಣ್ಣ ಅಡಗಿರಬಹುದೆಂದು ತಿಳಿಯುತ್ತದೆ. 1941ರ ಡಿಸೆಂಬರಿನಲ್ಲಿ, ಲಾಹೋರಿನಲ್ಲಿ, ತಮ್ಮ ದೊಡ್ಡ ಪ್ರದರ್ಶನವೊಂದು ತೆರೆಯಲು ಕೆಲವೇ ದಿನಗಳಿದ್ದಾಗ ತೀರಿಕೊಂಡರು. ವಯಸ್ಸು 28. ಉಳಿದ ಚಿತ್ರಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಅದರಲ್ಲೂ ದೊಡ್ಡ ಪಾಲು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಸಂಗ್ರಹಾಲಯಕ್ಕೆ ಹೋದ ಚಿತ್ರ ಮತ್ತೆ ಪೇಟೆಗೆ ಬರುವುದಿಲ್ಲ. ಖಾಸಗಿಯವರ ಬಳಿ ಉಳಿದ ಕೆಲವೇ ಚಿತ್ರಗಳಲ್ಲಿ ಒಂದು ಹೊರಬಿದ್ದಾಗ, ಮತ್ತೆ ಇಂಥದ್ದು ಯಾವಾಗಲೋ ಎಂಬ ಆತಂಕವೇ ಬೆಲೆಯನ್ನು ಏರಿಸುತ್ತದೆ.

ಪತ್ರಿಕೆಯಲ್ಲಿ ಬರುವ ಆ ಅಂಕಿಯ ಒಳಗನ್ನೂ ತಿಳಿದಿರಬೇಕು. ಹರಾಜಿಗೆ ಮುನ್ನ ಸಂಸ್ಥೆ ಒಂದು ಅಂದಾಜು ಬೆಲೆ ಪ್ರಕಟಿಸುತ್ತದೆ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವರು ಗುಟ್ಟಾಗಿ ನಿಗದಿಪಡಿಸಿದ ಇನ್ನೊಂದು ಬೆಲೆ ಇರುತ್ತದೆ. ಕೂಗು ನಿಂತು ಸುತ್ತಿಗೆ ಬಿದ್ದಾಗ ಬಂದ ಬೆಲೆಯ ಮೇಲೆ ಕೊಳ್ಳುವವರು ಹರಾಜು ಸಂಸ್ಥೆಗೆ ‘ಪ್ರೀಮಿಯಂ’ ಕೊಡಬೇಕು. ಸಾಮಾನ್ಯವಾಗಿ ಸುದ್ದಿಯಾಗುವ ಮೊತ್ತ ಅದೂ ಸೇರಿದ್ದು. ಮಾರಿದವರಿಗೆ ತಲುಪುವ ಹಣ ಅದಕ್ಕಿಂತ ಸಾಕಷ್ಟು ಕಡಿಮೆ. ಅದಕ್ಕೂ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ, ಏಕೆಂದರೆ ನಮ್ಮ ತೆರಿಗೆ ಕಾನೂನು 2007ರಿಂದ ಚಿತ್ರ, ಶಿಲ್ಪಗಳನ್ನು ಈ ತೆರಿಗೆ ಬೀಳದ ಮನೆಬಳಕೆಯ ಸಾಮಾನಿನ ಲೆಕ್ಕದಿಂದ ಹೊರಗಿಟ್ಟಿದೆ.

ಯಾರ ಚಿತ್ರ ಬೇಕು ಎಂದು ನನ್ನನ್ನು ಕೇಳಿದರೆ ನಾನು ಜಾಮಿನಿ ರಾಯ್ ಎನ್ನುತ್ತೇನೆ. ಕಾರಣ, ನಮ್ಮಂಥವರ ಮನೆಯಲ್ಲಿರಲಿ ಎಂದೇ ಅವರು ಚಿತ್ರ ಬರೆದರು. ಬಂಗಾಳದ ಬಾಂಕುಡಾ ಜಿಲ್ಲೆಯ ಬೇಲಿಯಾತೋಡ್ ಎಂಬ ಹಳ್ಳಿಯವರು. ಕಲ್ಕತ್ತೆಯ ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿಯ ತೈಲಚಿತ್ರ ಕಲಿತು, ಭಾವಚಿತ್ರ ಬರೆದು ಚೆನ್ನಾಗಿ ಸಂಪಾದಿಸುತ್ತಿದ್ದವರು ಒಂದು ಹಂತದಲ್ಲಿ ಅದನ್ನೆಲ್ಲ ಬಿಟ್ಟು ಊರಿನ ಪಟಚಿತ್ರಗಾರರ ದಾರಿ ಹಿಡಿದರು. ಪೇಟೆಯ ಬಣ್ಣದ ಟ್ಯೂಬುಗಳ ಬದಲು ದೀಪದ ಕಾಡಿಗೆ, ಸುಣ್ಣ, ಅರೆದ ಕಲ್ಲು, ನೀಲಿ. ಅಂಟಿಗೆ ಹುಣಸೆಬೀಜದ ಗಂಜಿ. ಬಟ್ಟೆ, ಚಾಪೆ, ಮರದ ಹಲಗೆ, ಸಿಕ್ಕಿದ್ದರ ಮೇಲೆ ಬರೆದರು. ಒಂದೇ ಏಟಿಗೆ ಎಳೆದ ದಪ್ಪ ಕರಿ ಗೆರೆ, ಕಿವಿಯವರೆಗೆ ಚಾಚಿದ ಬಾದಾಮಿಯಂಥ ಕಣ್ಣು: ಅವರ ಚಿತ್ರವನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಒಂದು ಚಿತ್ರ ಜನಕ್ಕೆ ಮೆಚ್ಚುಗೆಯಾದರೆ ಅದನ್ನೇ ಮತ್ತೆ ಮತ್ತೆ ಬರೆಯುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ. ಮನೆಯೇ ಕಾರ್ಯಾಗಾರ. ಮಗನೂ ಸೇರಿ ಹಲವರು ಕೈಜೋಡಿಸುತ್ತಿದ್ದರು, ಬಂದವರು ಕಡಿಮೆ ಬೆಲೆಗೆ ಕೊಂಡೊಯ್ಯುತ್ತಿದ್ದರು. ಕಲೆ ಎಂದರೆ ಒಬ್ಬನೇ ಪ್ರತಿಭಾವಂತನ ಒಂದೇ ಒಂದು ಕೃತಿ ಎಂಬ ನಂಬಿಕೆಯನ್ನೇ ಅವರು ಒಪ್ಪಲಿಲ್ಲ. ಇಂದು ಅದೇ ದೊಡ್ಡ ತೊಡಕಾಗಿದೆ. ಒಂದೇ ಚಿತ್ರದ ಹತ್ತು ಪ್ರತಿಗಳಲ್ಲಿ ಅವರ ಕೈ ಎಷ್ಟರಲ್ಲಿದೆ? ಸಹಿ ಅವರದ್ದೇ ಆಗಿದ್ದು ಗೆರೆ ಬೇರೆಯವರದ್ದಾಗಿದ್ದರೆ? ಸುಲಭದ ಸಾಮಗ್ರಿ, ಸರಳ ಆಕಾರ, ಪ್ರತಿ ಮಾಡುವ ಪರಂಪರೆ ಮೂರೂ ಒಟ್ಟಿಗೆ ಸಿಕ್ಕಿದ್ದರಿಂದ ನಕಲಿಗಾರರಿಗೆ ಹಬ್ಬವಾಯಿತು. ಎಲ್ಲರಿಗೂ ಎಟುಕಲೆಂದು ಅವರು ಇಟ್ಟ ಚಿತ್ರಗಳನ್ನು ಕೊಳ್ಳಲು ಇವತ್ತು ಹೆಚ್ಚಿನ ಎಚ್ಚರ ಬೇಕಾಗಿರುವುದು ನನಗೆ ನಿಜವಾಗಿ ನೋವಿನ ವಿಷಯ.

ರವಿವರ್ಮರದ್ದು ಇದೇ ಆಸೆ, ಆದರೆ ಬೇರೆ ದಾರಿ. ರಾಜಮಹಾರಾಜರು ಅವರ ತೈಲಚಿತ್ರಗಳಿಗೆ ಸಾಲುಗಟ್ಟಿದ್ದರು. ಮೈಸೂರು ಅರಮನೆಗೂ ಅವರು ಚಿತ್ರ ಬರೆದುಕೊಟ್ಟರು; ಜಗನ್ಮೋಹನ ಅರಮನೆಯ ಕಲಾಶಾಲೆಗೆ ಹೋದವರು ಅವನ್ನು ನೋಡಿರುತ್ತಾರೆ. ಎಷ್ಟು ಬರೆದರೂ ಬೇಡಿಕೆ ತೀರದಿದ್ದಾಗ, ಚಿತ್ರಗಳನ್ನು ಬಣ್ಣದ ಅಚ್ಚಿನಲ್ಲಿ ಮುದ್ರಿಸಿದರೆ ಹೇಗೆ ಎಂದು ತಿರುವಾಂಕೂರು, ಬರೋಡಾಗಳ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಸಲಹೆ ಕೊಟ್ಟಿದ್ದರು. 1894ರಲ್ಲಿ ಮುಂಬೈಯಲ್ಲಿ ರವಿವರ್ಮರ ಅಚ್ಚುಕೂಟ ಶುರುವಾಯಿತು. ಮುಂದೆ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರವಾಗಿ, ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರ ಕೈಸೇರಿತು. ರವಿವರ್ಮರು 1906ರಲ್ಲಿ ತೀರಿಕೊಂಡ ಮೇಲೂ ಅಚ್ಚು ಮುಂದುವರಿಯಿತು.

ಹಾಗೆ ಅಚ್ಚಾದದ್ದಕ್ಕೆ ಓಲಿಯೋಗ್ರಾಫ್ ಎನ್ನುತ್ತಾರೆ. ಜರ್ಮನಿಯಿಂದ ತರಿಸಿದ ನುಣುಪಾದ ಸುಣ್ಣಕಲ್ಲಿನ ಚಪ್ಪಡಿಗಳು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಚಿತ್ರದ ಕೆಂಪು ಎಲ್ಲೆಲ್ಲಿ ಬರಬೇಕೋ ಅಷ್ಟನ್ನು ಮಾತ್ರ ಒಂದು ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೈಯಿಂದಲೇ ಇಡಬೇಕು. ಕಲ್ಲನ್ನು ತೇವ ಮಾಡಿದಾಗ ನೀರು ಜಿಡ್ಡಿನ ಜಾಗಕ್ಕೆ ಹತ್ತುವುದಿಲ್ಲ, ಬಣ್ಣ ಅಲ್ಲಿಗೆ ಮಾತ್ರ ಹತ್ತುತ್ತದೆ. ಕಾಗದ ಒತ್ತಿದರೆ ಕೆಂಪಿನ ಪಾಲು ಮುಗಿಯಿತು. ಅದೇ ಕಾಗದ ಹಳದಿಯ ಕಲ್ಲಿಗೆ, ನೀಲಿಯ ಕಲ್ಲಿಗೆ, ಕಂದಿನ ಕಲ್ಲಿಗೆ ಹೀಗೆ ಮತ್ತೆ ಮತ್ತೆ ಹೋಗಬೇಕು. ಒಂದು ಸಲ ಕೂದಲೆಳೆಯಷ್ಟು ಜರುಗಿದರೂ ಲಕ್ಷ್ಮಿಯ ತುಟಿ ಗಲ್ಲಕ್ಕೆ ಬಂದುಬಿಡುತ್ತದೆ. ಕೊನೆಗೆ ಮೇಲೆ ವಾರ್ನಿಷ್ ಬಳಿದರೆ ತೈಲಚಿತ್ರದ ಹೊಳಪು. ಮನೆಯ ಹೆಂಗಸರು ಆಮೇಲೆ ಅದಕ್ಕೆ ಜರಿ, ಮಣಿ, ರೇಷ್ಮೆ ತುಂಡು ಹೊಲಿದು ಸೀರೆ ಉಡಿಸಿದ್ದೂ ಉಂಟು. ಹಾಗೆ ಸಿಂಗರಿಸಿದ ಪಟಗಳನ್ನು ಈಗ ಸಂಗ್ರಹಕಾರರು ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಅಟ್ಟದಲ್ಲೋ ದೇವರ ಕೋಣೆಯಲ್ಲೋ ಹಳೆಯ ಕಟ್ಟಿನ ಪಟವಿದ್ದರೆ ಒಂದು ಭೂತಗನ್ನಡಿ ಹಿಡಿದು ನೋಡಿ. ದೇವಿಯ ಕೆನ್ನೆಯ ಮೇಲೆ ಕಣ್ಣಿಟ್ಟರೆ ಸಾಕು. ಕೈಯಿಂದ ಇಟ್ಟ ಚುಕ್ಕಿಗಳಾದರೆ ಒಂದು ದೊಡ್ಡದು, ಒಂದು ಚಿಕ್ಕದು, ಒಂದೆಡೆ ಒತ್ತಾಗಿ, ಇನ್ನೊಂದೆಡೆ ಚೆದುರಿ ಇರುತ್ತವೆ. ಈಚಿನ ಆಫ್‌ಸೆಟ್ ಮುದ್ರಣವಾದರೆ ನಾಲ್ಕೇ ಬಣ್ಣದ ಚುಕ್ಕಿಗಳು ಒಂದೇ ಅಂತರದಲ್ಲಿ ಸಾಲುಸಾಲಾಗಿ ಸೇರಿ ಪುಟ್ಟ ಹೂವಿನ ಆಕಾರ ಕಟ್ಟಿರುತ್ತವೆ. ಪಟದ ಅಡಿಯ ಅಂಚಿನಲ್ಲಿ ‘ರವಿವರ್ಮ ಪ್ರೆಸ್’ ಎಂಬ ಹೆಸರೂ ಊರೂ ಇರಬಹುದು, ಆದರೆ ಅದೊಂದನ್ನೇ ನಂಬಬೇಡಿ: ಹಳೆಯ ಪಟದ ಫೋಟೊ ತೆಗೆದು ಮರುಮುದ್ರಿಸಿದಾಗ ಆ ಅಕ್ಷರಗಳೂ ಜೊತೆಗೆ ಬರುತ್ತವೆ. ಚುಕ್ಕಿ ಹಾಗೆ ಸುಳ್ಳು ಹೇಳುವುದಿಲ್ಲ. ಇನ್ನೊಂದು ಮಾತು, ಕಟ್ಟು ಬಿಚ್ಚುವ ಆತುರ ಬೇಡ. ಹಳೆಯ ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಕೀಳುವಾಗ ಮುಖವೇ ಕಿತ್ತುಬರುತ್ತದೆ. ಅದು ಕಲಾಸಂರಕ್ಷಕರ ಕೆಲಸ.

ಅಚ್ಚಿನ ಪಟಗಳ ವ್ಯವಹಾರ ಸಾವಿರ, ಲಕ್ಷಗಳಲ್ಲಿ, ಕೋಟಿಯ ಮಾತಿಲ್ಲ. ಆದರೂ ಈ ದೇಶದಲ್ಲಿ ದೇವತೆಗಳಿಗೆ ಒಂದು ಮುಖ ಎಂದು ನಮ್ಮ ಕಣ್ಣಿಗೆ ರೂಢಿಯಾದದ್ದು ಬಹುಮಟ್ಟಿಗೆ ಈ ಪಟಗಳಿಂದ. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಆಮೇಲೆ ಕ್ಯಾಲೆಂಡರುಗಳಿಗೂ ಬೆಂಕಿಪೊಟ್ಟಣಗಳಿಗೂ ಇಳಿದರು. ಮೂಲ ತೈಲಚಿತ್ರ ಸಿಗದಿದ್ದರೆ ಬೇಸರಪಡಬೇಕಾದ್ದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಒಳ್ಳೆಯ ಓಲಿಯೋಗ್ರಾಫ್ ತನ್ನಷ್ಟಕ್ಕೇ ಚರಿತ್ರೆಯ ತುಣುಕು.

ಮೂಲವೋ ಅಚ್ಚೋ, ಕೊಳ್ಳುವ ಮೊದಲು ಕೇಳಬೇಕಾದದ್ದು ಒಂದೇ: ಇದು ಯಾರ್ಯಾರ ಕೈ ದಾಟಿ ಇಲ್ಲಿಗೆ ಬಂತು? ಕಲಾವಿದರಿಂದ ಮೊದಲು ಕೊಂಡವರು ಯಾರು, ಅವರಿಂದ ಯಾರಿಗೆ, ರಸೀದಿ ಇದೆಯೇ, ಪತ್ರವಿದೆಯೇ, ಹಳೆಯ ಪ್ರದರ್ಶನದ ಪಟ್ಟಿಯಲ್ಲಿ ಹೆಸರಿದೆಯೇ, ಚಿತ್ರದ ಹಿಂಬದಿಯಲ್ಲಿ ಕಟ್ಟು ಹಾಕಿದ ಅಂಗಡಿಯ ಚೀಟಿಯೋ ಗ್ಯಾಲರಿಯ ಮೊಹರೋ ಇದೆಯೇ. ಅನುಭವಿಗಳು ಚಿತ್ರದ ಮುಂಭಾಗಕ್ಕಿಂತ ಹಿಂಭಾಗವನ್ನು ಹೆಚ್ಚು ಹೊತ್ತು ನೋಡುವುದು ಇದಕ್ಕೇ. ‘ಗ್ರಾಮ ಯಾತ್ರಾ’ದ ಬಗ್ಗೆ ಯಾರಿಗೂ ಅನುಮಾನ ಹುಟ್ಟದಿರಲು ಅದರ ದಾರಿ ತುಂಡಾಗದಿದ್ದದ್ದೇ ಕಾರಣ: ದೆಹಲಿ, ಒಬ್ಬ ವೈದ್ಯರು, ಒಂದು ಆಸ್ಪತ್ರೆ, ಹರಾಜು.

ದಾರಿ ತಪ್ಪಿದರೆ ದೊಡ್ಡ ಸಂಸ್ಥೆಗಳೂ ಮುಗ್ಗರಿಸುತ್ತವೆ. 2011ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥರದ್ದೆಂದು 20 ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ತಜ್ಞರು ಪರಿಶೀಲಿಸಿ ಅವು ಅವರವಲ್ಲ ಎಂದರು. ನಮ್ಮಲ್ಲಿ ಮೋಸದ ಉದ್ದೇಶವಿಲ್ಲದೆಯೂ ಹೆಸರು ಬದಲಾಗುವುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲೇ ಉದಾಹರಣೆಯಿದೆ. ಕೈಯಲ್ಲಿ ದೀಪ ಹಿಡಿದು, ಬೆರಳ ಸಂದಿಯಿಂದ ಬೆಳಕು ಸೂಸುವ ಹೆಣ್ಣಿನ ಚಿತ್ರವನ್ನು ರವಿವರ್ಮರದ್ದೆಂದು ಹೇಳುವವರು ಈಗಲೂ ಎಷ್ಟೋ ಮಂದಿ. ಬರೆದವರು ಎಸ್.ಎಲ್. ಹಳದಣಕರ್, ರೂಪದರ್ಶಿ ಅವರ ಮಗಳು. ಬರೆದದ್ದು 1940ರ ದಶಕದ ನಡುವೆ, ರವಿವರ್ಮರು ತೀರಿಕೊಂಡು ನಾಲ್ಕು ದಶಕದ ಹತ್ತಿರವಾದಾಗ. ಅದೂ ಜಲವರ್ಣದಲ್ಲಿ. ಜಲವರ್ಣದಲ್ಲಿ ಒಮ್ಮೆ ಹಚ್ಚಿದ ಬಣ್ಣವನ್ನು ಹಿಂದೆಗೆಯುವುದು ಕಷ್ಟ. ಆ ಬೆರಳುಗಳ ಕೆಂಪನ್ನು ಹಾಗೆ ಸಾಧಿಸಿದವರ ಹೆಸರನ್ನು ನಾವು ಸರಿಯಾಗಿ ಹೇಳಲೇಬೇಕು.

ಇಷ್ಟೆಲ್ಲ ಸರಿಯಾಗಿ ಚಿತ್ರ ಮನೆಗೆ ಬಂತೆನ್ನೋಣ. ಇನ್ನು ಅದನ್ನು ಶುಭಾಶಯ ಪತ್ರದಲ್ಲಿ ಅಚ್ಚು ಹಾಕಿಸಬಹುದೇ, ಅಂಗಡಿಯ ಚೀಲದ ಮೇಲೆ ಮುದ್ರಿಸಬಹುದೇ? ಚಿತ್ರ ನಿಮ್ಮದು, ಹಕ್ಕುಸ್ವಾಮ್ಯ ನಿಮ್ಮದಲ್ಲ. ಅದನ್ನು ಬರೆಹದಲ್ಲಿ ವರ್ಗಾಯಿಸದ ಹೊರತು ಕಲಾವಿದರಲ್ಲೇ, ಅವರ ನಂತರ ವಾರಸುದಾರರಲ್ಲೇ ಉಳಿಯುತ್ತದೆ. ನೀವೇ ಹಣ ಕೊಟ್ಟು, ಹೇಳಿ ಬರೆಸಿದ ಚಿತ್ರಕ್ಕೆ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಲೆಕ್ಕ ಬೇರೆ. ಅಲ್ಲಿ ಬರೆಸಿದವರೇ ಮೊದಲ ಹಕ್ಕುದಾರರು. ಭಾರತದಲ್ಲಿ ಹಕ್ಕುಸ್ವಾಮ್ಯದ ಅವಧಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಮೊದಲು 50 ಇತ್ತು. ರವೀಂದ್ರನಾಥರ ಕೃತಿಗಳ ಅವಧಿ 1991ಕ್ಕೆ ಮುಗಿಯುವುದರಲ್ಲಿದ್ದಾಗ ಕಾನೂನಿಗೆ ತಿದ್ದುಪಡಿ ತಂದು ಹತ್ತು ವರ್ಷ ಸೇರಿಸಿದರು. ಆ ಲೆಕ್ಕದಲ್ಲಿ ಶೇರ್‌ಗಿಲ್ ಚಿತ್ರಗಳು 2001ರ ಕೊನೆಗೆ ಸಾರ್ವಜನಿಕರ ಪಾಲಾದವು. 1972ರಲ್ಲಿ ತೀರಿಕೊಂಡ ಜಾಮಿನಿ ರಾಯ್ ಅವರದ್ದು 2032ರ ಕೊನೆಯವರೆಗೆ, 1996ರಲ್ಲಿ ಅಗಲಿದ ಹೆಬ್ಬಾರರದ್ದು 2056ರವರೆಗೆ ಉಳಿಯುತ್ತದೆ. ಅಷ್ಟೇ ಅಲ್ಲ, ಹಕ್ಕುಸ್ವಾಮ್ಯದ ಅವಧಿಯೊಳಗೆ ಮೂಲಚಿತ್ರವನ್ನು ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಮಾಡಿದರೆ ಮೊದಲ ಹಕ್ಕುದಾರರಾದ ಕಲಾವಿದರಿಗೋ ವಾರಸುದಾರರಿಗೋ ಶೇಕಡಾ 10ನ್ನು ಮೀರದ ಪಾಲು ಸಲ್ಲಬೇಕೆಂದು ಕಾನೂನು ಹೇಳುತ್ತದೆ. ಬಡತನದಲ್ಲಿ ಬರೆದು ಮಾರಿದ ಚಿತ್ರ ಮುಂದೆ ಕೋಟಿ ಮುಟ್ಟಿದಾಗ ಬರೆದವರ ಮನೆಗೆ ಬಿಡಿಗಾಸೂ ಬಾರದ ಅನ್ಯಾಯಕ್ಕೆ ಇದು ಮದ್ದು. ಇನ್ನೂ ಹೆಚ್ಚು ಬಳಕೆಗೆ ಬರಬೇಕಾದ ನಿಯಮ ಇದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೊಂಡದ್ದನ್ನು ಹಾಳುಗೆಡಹುವ ಹಕ್ಕಾದರೂ ಇದೆಯೇ? ಈ ಪ್ರಶ್ನೆ ದೆಹಲಿ ಹೈಕೋರ್ಟಿನ ಮುಂದೆ ಬಂದಿತ್ತು. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ವರ್ಷಗಟ್ಟಲೆ ದುಡಿದು ಒಂದು ಭಾರಿ ಕಂಚಿನ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಕಟ್ಟಡದ ನವೀಕರಣದ ಹೊತ್ತಿಗೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ತುಂಡುಗಳಾಯಿತು, ಕೆಲವು ಭಾಗ ಕಳೆದುಹೋಯಿತು. ಸೆಹಗಲ್ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಬಂದ ತೀರ್ಪು, ಶಿಲ್ಪದ ಒಡೆಯ ಸರ್ಕಾರವೇ ಆದರೂ ಕಲಾವಿದನ ನೈತಿಕ ಹಕ್ಕು, ಅಂದರೆ ತನ್ನ ಕೃತಿಯನ್ನು ಕೆಡಿಸದಂತೆ ತಡೆಯುವ ಹಕ್ಕು, ಉಳಿದಿರುತ್ತದೆ ಎಂದಿತು; ಉಳಿದ ತುಂಡುಗಳನ್ನು ಅವರಿಗೆ ಹಿಂದಿರುಗಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಕಟ್ಟಡಗಳ ವಿಷಯದಲ್ಲಿ ಅದೇ ನ್ಯಾಯಾಲಯ ಮುಂದೆ ಬೇರೆ ನಿಲುವು ತಳೆಯಿತು: ದೆಹಲಿಯ ಹಾಲ್ ಆಫ್ ನೇಷನ್ಸ್ ನೆಲಸಮವಾದಾಗ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ದಾವೆಯಲ್ಲಿ ಜಾಗದ ಒಡೆಯರ ಹಕ್ಕೇ ಮೇಲಾಯಿತು. ಆದರೆ ಚಿತ್ರ, ಶಿಲ್ಪಗಳನ್ನು ಕೊಳ್ಳುವವರು ಸೆಹಗಲ್ ತೀರ್ಪನ್ನು ನೆನಪಿನಲ್ಲಿಡಬೇಕು.

ಹಾಳು ಮಾಡುವ ಮನಸ್ಸಿಲ್ಲದಿದ್ದರೂ ನಮ್ಮ ಹವೆ ಹಾಳು ಮಾಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ, ಬೂಸ್ಟು ಹಿಡಿಯುತ್ತದೆ. ಹೊರಗೋಡೆಗೆ ಚಿತ್ರ ತೂಗುಹಾಕಬಾರದು. ನೇರ ಬಿಸಿಲು ಜಲವರ್ಣಕ್ಕೆ ವಿಷ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಇರಬೇಕು. ದೇವರ ಪಟವಾದರೆ ದೀಪದ ಹೊಗೆಯನ್ನೂ ಅರಿಶಿನ–ಕುಂಕುಮವನ್ನೂ ಗಾಜಿನ ಹೊರಗೇ ತಡೆಯಬೇಕು.

ಕೋಟಿಗಳ ಲೋಕದ ಹೊರಗೆ, ಹೆಸರಾಂತರ ಕೈ ಮುಟ್ಟಿದ ಕೃತಿಯೇ ಬೇಕೆಂದರೆ ಸಂಖ್ಯೆ ನಮೂದಿಸಿದ ಗ್ರಾಫಿಕ್ ಮುದ್ರಣಗಳಿವೆ. ತಾಮ್ರದ ತಗಡನ್ನು ಕೊರೆದೋ ರೇಷ್ಮೆಪರದೆಯ ಮೂಲಕ ಬಣ್ಣ ಹಾಯಿಸಿಯೋ ಕಲಾವಿದರ ನಿಗಾದಲ್ಲಿ ಅಚ್ಚು ಹಾಕಿ, ಅಡಿಯಲ್ಲಿ ಪೆನ್ಸಿಲಿನಿಂದ 5/25 ಎಂದು ಬರೆದು ಸಹಿ ಮಾಡಿರುತ್ತಾರೆ: ಒಟ್ಟು 25 ಪ್ರತಿಗಳು, ಇದು ಐದನೆಯದು. ಸಹಿ ಅಚ್ಚಾಗಿದೆಯೋ ಕೈಯಿಂದ ಬರೆದದ್ದೋ ಎಂದು ಓರೆ ಬೆಳಕಿನಲ್ಲಿ ನೋಡಿದರೆ ತಿಳಿಯುತ್ತದೆ. ಪೆನ್ಸಿಲಿನ ಗೆರೆ ಕಾಗದವನ್ನು ಸ್ವಲ್ಪ ಒತ್ತಿರುತ್ತದೆ, ಮಿನುಗುತ್ತದೆ.

ಕಣ್ಣು ಪಳಗಿಸಿಕೊಳ್ಳಲು ಬೆಂಗಳೂರಿನಲ್ಲಿ ಹೆಚ್ಚು ಹಣವೇನೂ ಬೇಕಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ. ಅಬನೀಂದ್ರನಾಥರ ಶಿಷ್ಯರಾದ ಅವರ ನೀಲಗಿರಿಯ ಜಲವರ್ಣಗಳ ಮುಂದೆ ನಿಂತರೆ ಮಂಜನ್ನು ಬರೆಯುವುದು ಎಂದರೇನೆಂದು ಅರಿವಾಗುತ್ತದೆ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಅಪ್ಪ–ಮಗನ ಮತ್ತು ಹೆಬ್ಬಾರರ ಚಿತ್ರಗಳಿವೆ. ಜನವರಿಯಲ್ಲಿ ಅದರ ಎದುರಿನ ಕುಮಾರಕೃಪಾ ರಸ್ತೆಯುದ್ದಕ್ಕೂ ಚಿತ್ರಸಂತೆ ನಡೆದಾಗ ಬರೆದವರೇ ಚಿತ್ರದ ಪಕ್ಕ ಕೂತಿರುತ್ತಾರೆ. ಅಲ್ಲಿ ಕೊಳ್ಳುವಾಗ ಚಿತ್ರದ ಹೆಸರು, ವರ್ಷ, ಮಾಧ್ಯಮ, ಅಳತೆ ಬರೆಸಿ, ಸಹಿ ಮಾಡಿಸಿ ರಸೀದಿ ಪಡೆಯಿರಿ; ಚಿತ್ರದ ಜೊತೆ ಕಲಾವಿದರದ್ದೂ ಒಂದು ಫೋಟೊ ತೆಗೆದು ರಸೀದಿಯ ಜೊತೆಗೆ ಇಡಿ. ಮುಂದೆ ಆ ಚಿತ್ರ ಯಾರ ಕೈಗೆ ಹೋದರೂ ಅದು ಹೊರಟ ಮೊದಲ ಹೆಜ್ಜೆಗೆ ಅದೇ ದಾಖಲೆ.